ಸಿದ್ಧರಾಮನ ಕೆರೆ, ನವಿ ಪೇಠದ ಟಾಕಿ

ಎಂಟನೇ ಇಯತ್ತೆಯಲ್ಲಿ ಒತ್ತಡದ ಪಾಠ ನಡೆದಿತ್ತು. ನವಿ ಪೇಠದಿಂದ ಬರುವ ಹುಡುಗನೊಬ್ಬ ಎದ್ದು ನಿಂತ.

"ಸರ್, ಸಿದ್ಧೇಶ್ವರ ಕೆರಿ ಅಷ್ಟ ದೊಡ್ಡದೈತಿ, ದಂಡ್ಯಾಗ ಕೈ ಇಟ್ಟರ ಏನೂ ಆಗಂಗಿಲ್ಲ. ನಮ್ಮ ಮಾಳಗಿ ಮ್ಯಾಲಿನ ಟಾಕಿ ಸಣ್ಣದು, ಕೆಳಗಿನ ನಳಕ್ಕ ಹೆಬ್ಬಟ್ಟ ಒತ್ತಿ ಹಿಡದರೂ ನೀರು ಚಿಮ್ಮತೈತಿ. ಹಂಗ್ಯಾಕ?"

ಎಂಥ ಒಳ್ಳೆಯ ಪ್ರಶ್ನೆ ನೋಡಿ! ನೀರಿನ ಒತ್ತಡ ಕೆರೆಯ ಅಗಲವನ್ನು ಕೇಳುವುದಿಲ್ಲ, ಆಳವನ್ನು ಮಾತ್ರ ಕೇಳುತ್ತದೆ. ದಂಡೆಯಲ್ಲಿ ಆಳ ಒಂದು ಗೇಣು. ಟಾಕಿಯ ನೀರು ನಳಕ್ಕಿಂತ 10 ಮೀಟರ್ ಮೇಲಿದ್ದರೆ, ನಳದ ಬಾಯಿಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 1 ಕಿಲೋ ಭಾರ ಬಿದ್ದಂತೆ.

ನಮ್ಮ ಊರಿಗೆ ಈ ಪಾಠ ಹೊಸದಲ್ಲ. ಸೊಲ್ಲಾಪುರ ಸೊನ್ನಲಿಗೆಯಾಗಿದ್ದ 12ನೇ ಶತಮಾನದಲ್ಲಿ ವಚನಕಾರ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದನೆಂದು ಪರಂಪರೆ ಹೇಳುತ್ತದೆ. ಊರ ಹೊರಗಿನ ಏಕರೂಕ ಕೆರೆ, ನಾವು ಹಿಪ್ಪರಗಾ ತಲಾವ ಎನ್ನುವುದು, ಬ್ರಿಟಿಷರ ಕಾಲದಲ್ಲಿ 1871ರಲ್ಲಿ ಮುಗಿಯಿತು. ಅದರ ಮಣ್ಣಿನ ಒಡ್ಡು ಸುಮಾರು 21 ಮೀಟರ್ ಎತ್ತರ.

ಕೆರೆಯ ಒಡ್ಡಿನ ಬುಡ ಅಗಲ, ನೆತ್ತಿ ಸಣ್ಣ. ಮಣ್ಣು ಕಡಿದಾಗಿ ನಿಲ್ಲುವುದಿಲ್ಲ ಎಂಬುದು ಒಂದು ಕಾರಣ. ಬುಡದಲ್ಲಿ ನೀರಿನ ಒತ್ತಡ ಹೆಚ್ಚು ಎಂಬುದು ಇನ್ನೊಂದು. ನೀರಿನ ಎತ್ತರ ಎರಡು ಪಟ್ಟಾದರೆ ಒಡ್ಡಿನ ಮೇಲಿನ ನೂಕುಬಲ ನಾಲ್ಕು ಪಟ್ಟಾಗುತ್ತದೆ! ಏಕೆಂದರೆ ಒತ್ತಡವೂ ಇಮ್ಮಡಿ, ಅದು ತಾಗುವ ಜಾಗವೂ ಇಮ್ಮಡಿ. ಹಿಂದೆ ಕೆರೆ ಕಟ್ಟಿದವರ ಬಳಿ ಈ ಸೂತ್ರ ಇರಲಿಲ್ಲ. ಒಡೆದ ಒಡ್ಡುಗಳೇ ಅವರಿಗೆ ಪಾಠ ಕಲಿಸಿದವು.

ಒತ್ತಡ ಆಳವನ್ನು ಅವಲಂಬಿಸಿದೆ, ಪಾತ್ರೆಯ ಆಕಾರವನ್ನಲ್ಲ ಎಂದು 1586ರಲ್ಲಿ ಪುಸ್ತಕ ಬರೆದು ತೋರಿಸಿದವನು ಸೈಮನ್ ಸ್ಟೆವಿನ್. ಹುಟ್ಟಿದ್ದು ಇಂದಿನ ಬೆಲ್ಜಿಯಂನ ಬ್ರೂಜ್‌ನಲ್ಲಿ. ಆಗ ಯುರೋಪಿನ ಪಂಡಿತರ ಭಾಷೆ ಲ್ಯಾಟಿನ್. ಆತ ಬರೆದದ್ದು ತನ್ನ ಮನೆಮಾತು ಡಚ್ಚಿನಲ್ಲಿ! ಪದಗಳು ಇಲ್ಲದ ಕಡೆ ತಾನೇ ಕಟ್ಟಿದ. ಮುಂದೆ ಫ್ರಾನ್ಸಿನ ಪಾಸ್ಕಲ್ ಇದೇ ವಿಷಯದ ಮೇಲೆ ಬರೆದ ಗ್ರಂಥ, ಆತ ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾಯಿತು. ಅದೂ ಅವನ ಭಾಷೆ ಫ್ರೆಂಚಿನಲ್ಲಿಯೇ. ಒತ್ತಡದ ಮಾನಕ್ಕೆ ಇಂದು ಅವನದೇ ಹೆಸರು.

ಪಾಲಕರು ಬಂದು ಕೇಳುತ್ತಾರೆ: "ಸರ್, ಕನ್ನಡದಾಗ ವಿಜ್ಞಾನ ಕಲತರ ಮುಂದ ನಡೀತೈತೇನ್ರಿ?" ಮುಂದೆ ಇಂಗ್ಲಿಷ್ ಬೇಕು, ಮರಾಠಿಯೂ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹುಡುಗ ಬರದ ಭಾಷೆಯಲ್ಲಿ ಆ ಪ್ರಶ್ನೆ ಕೇಳುತ್ತಿದ್ದನೇ? ಸುಮ್ಮನೆ ಕೂತು ಸೂತ್ರ ಬಾಯಿಪಾಠ ಮಾಡುತ್ತಿದ್ದ.

ಮಕ್ಕಳೇ, ಒಂದು ಹಳೆಯ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿರಿ. ಯಾವ ತೂತಿನ ನೀರು ಹೆಚ್ಚು ರಭಸದಿಂದ ಹಾರುತ್ತದೆ, ಯಾಕೆ? ನಾಳೆ ನಿಮ್ಮ ಮಾತಿನಲ್ಲೇ ಬರೆದು ತನ್ನಿ.