ಹೃದಯಕ್ಕೆ ರಕ್ತನಾಳದೊಳಗಿನ ದಾರಿ

ದೊಡ್ಡಪ್ಪನಿಗೆ ಹಾರ್ಟ್ ಫೇಲ್ಯೂರ್. ಮೂರು ವೈರುಗಳ ಪೇಸ್‌ಮೇಕರ್ ಹಾಕಿಸಿ ಅಂತ ಡಾಕ್ಟರು ಹೇಳಿದಾಗ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಎದೆ ಕೊಯ್ತಾರೇನೋ?" ಇಲ್ಲ ದೊಡ್ಡಮ್ಮ, ರಕ್ತನಾಳದೊಳಗಿಂದ ವೈರ್ ಬಿಡ್ತಾರೆ ಅಂದೆ. ಅಂದೆನಾದರೂ, ಆ ದಾರಿ ಹುಡುಕಿದ್ದು ಯಾರು ಅಂತ ನನಗೇ ಗೊತ್ತಿರಲಿಲ್ಲ. ರಾತ್ರಿ ಕೂತು ಓದಿದೆ.

1958ರ ಅಕ್ಟೋಬರ್ 8, ಸ್ಟಾಕ್‌ಹೋಮ್. ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮಾಡಿದ ಪೇಸ್‌ಮೇಕರನ್ನು ಸರ್ಜನ್ ಓಕೆ ಸೆನಿಂಗ್ ಅವರು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಇಟ್ಟರು. ಎದೆ ಕೊಯ್ದೇ! ಅದು ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಆದರೆ ಯಂತ್ರ ಬದಲಿಸುತ್ತಾ ಬದಲಿಸುತ್ತಾ ಲಾರ್ಸನ್ 2001ರವರೆಗೆ ಬದುಕಿದರು. ಅಷ್ಟರಲ್ಲಿ ಆ ಇಂಜಿನಿಯರೂ ಸರ್ಜನ್ನೂ ತೀರಿಕೊಂಡಿದ್ದರು.

ಲಾರ್ಸನ್ನರದು ಬಡಿತವೇ ನಿಧಾನವಾಗುವ ಕಾಯಿಲೆ. ದೊಡ್ಡಪ್ಪನದು ಬೇರೆ. ಹೃದಯದ ಬಲಭಾಗ ಮೊದಲು ಹಿಂಡುತ್ತೆ, ಎಡಭಾಗ ತಡವಾಗಿ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಎರಡು ಥ್ರೆಡ್‌ಗಳು ಸಿಂಕ್ ಆಗ್ತಿಲ್ಲ :) ಇಂಥದ್ದಕ್ಕೆ ಎರಡೂ ಕಡೆ ಒಟ್ಟಿಗೆ ವಿದ್ಯುತ್ ಕೊಟ್ಟ ಪ್ರಯೋಗವನ್ನು ಫ್ರಾನ್ಸಿನ ಸರ್ಜ್ ಕಾಜೋ ತಂಡ 1994ರಲ್ಲಿ ಪ್ರಕಟಿಸಿತು. ರೋಗಿಗೆ 54 ವರ್ಷ. ಆರು ವಾರಗಳಲ್ಲಿ ಊತವೆಲ್ಲ ಇಳಿದು ತೂಕ 17 ಕಿಲೋ ಕಡಿಮೆಯಾಯಿತು. ಆದರೆ ಅವರಿಗೂ ಎಡಭಾಗದ ವೈರನ್ನು ಎದೆ ತೆರೆದು ಹೃದಯದ ಹೊರಮೈಗೇ ಕೂರಿಸಬೇಕಾಯಿತು.

ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಫ್ರಾನ್ಸಿನದೇ ರೆನ್ ನಗರದಲ್ಲಿ. ಹೃದಯದ ಮಾಂಸಖಂಡದಿಂದ ಅಶುದ್ಧ ರಕ್ತ ವಾಪಸ್ ತರುವ ಅಭಿಧಮನಿಗಳಿವೆಯಲ್ಲ, ಅವುಗಳೊಳಗೆ ಹರಿವಿಗೆ ಎದುರಾಗಿ ವೈರ್ ತೂರಿಸಿ ಎಡಭಾಗ ತಲುಪಿದ ಅನುಭವವನ್ನು ಡೊಬೇರ್ ತಂಡ 1998ರಲ್ಲಿ ಬರೆಯಿತು. 2005ರಲ್ಲಿ 813 ರೋಗಿಗಳ ಕೇರ್-ಎಚ್‌ಎಫ್ ಅಧ್ಯಯನದ ಫಲಿತಾಂಶ ಬಂತು. ಬರೀ ಔಷಧಿ ಪಡೆದವರಲ್ಲಿ ಶೇ. 30 ಜನ ಸತ್ತಿದ್ದರೆ, ಔಷಧಿಯ ಜೊತೆ ಯಂತ್ರವನ್ನೂ ಹಾಕಿಸಿಕೊಂಡವರಲ್ಲಿ ಶೇ. 20.

ಒಂದು ಮಾತು ಮಾತ್ರ ಮರೆಯಬಾರದು. ಈ ಯಂತ್ರ ಕಟ್ಟಿಕೊಂಡ ರಕ್ತನಾಳವನ್ನು ಬಿಡಿಸುವುದಿಲ್ಲ. ಬಿಪಿ, ಸಕ್ಕರೆ, ಬೀಡಿ ಎಲ್ಲದರ ಲೆಕ್ಕ ಹಾಗೇ ಇರುತ್ತದೆ. ಹೃದಯ ಸರಿಯಾಗಿ ಹಿಂಡಿದರೆ ರಕ್ತದ ಹರಿವು ಸುಧಾರಿಸಿ ನಾಳದ ಒಳಪದರಕ್ಕೂ ಒಳ್ಳೆಯದಾಗಬಹುದು, ಅಷ್ಟೇ.

"ಎಲ್ಲರಿಗೂ ವಾಸಿಯಾಗುತ್ತೇನೋ?" ಅಂದರು ದೊಡ್ಡಮ್ಮ. ಸುಮಾರು ಮೂವರಲ್ಲಿ ಒಬ್ಬರಿಗೆ ಅಂದುಕೊಂಡಷ್ಟು ಪ್ರಯೋಜನ ಆಗೋದಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಿಕ್ಕ ಇಬ್ಬರಲ್ಲಿ ಇವರೂ ಒಬ್ಬರಾಗ್ಲಿ ಬಿಡು" ಅಂದರು.

ಸೋಮವಾರ ಅಡ್ಮಿಟ್ ಮಾಡ್ತಿದ್ದೇವೆ.