ಮರದ ಅರಮನೆಯೂ ಬೆಂಕಿಯೂ

ಕ್ರಿ.ಶ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹಕಾಲದಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಅಗ್ನಿಗೆ ಆಹುತಿಯಾದ ಸಂಗತಿ ಸುವಿದಿತವೇ. ಅನಂತರ ವಾಣೀವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ನನಿಂದ ನಕ್ಷೆ ಬರೆಯಿಸಿ ಕಲ್ಲು, ಇಟ್ಟಿಗೆ, ಕಬ್ಬಿಣಗಳ ಹೊಸ ಅರಮನೆಯ ಕೆಲಸವನ್ನು ಆರಂಭಿಸಿದರು. ಅದು 1912ರಲ್ಲಿ ಮುಗಿಯಿತು. ವೆಚ್ಚ 41,47,913 ರೂಪಾಯಿ. ಮರ ಹೋಗಿ ಕಬ್ಬಿಣ ಬಂದುದರಿಂದ ಬೆಂಕಿಯ ಭಯವೂ ತೊಲಗಿತೆಂದು ಹಲವರು ಹೇಳುವರು. ಈ ಮಾತನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

ದಪ್ಪ ತೊಲೆ ಉರಿಯುವಾಗ ಹೊರಪದರವು ಇದ್ದಿಲಾಗಿ ಒಳತಿರುಳನ್ನು ಕಾಯುತ್ತದೆ. ಮೆದುಮರದಲ್ಲಿ ಇದ್ದಿಲು ನಿಮಿಷಕ್ಕೆ ಸುಮಾರು 0.65 ಮಿಲಿಮೀಟರಿನಂತೆ ಒಳಸರಿಯುವುದು; ಗಟ್ಟಿಮರದಲ್ಲಿ ಇನ್ನೂ ನಿಧಾನ. ಉಕ್ಕಾದರೋ 600 ಡಿಗ್ರಿ ಸೆಂಟಿಗ್ರೇಡಿಗೆ ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುವುದು. ಕಾದ ಎರಕದ ಕಂಬಕ್ಕೆ ತಣ್ಣೀರು ಬಿದ್ದರೆ ಸೀಳುವುದೂ ಉಂಟು. ಮರದ ಮನೆಗೆ ಮೊದಲ ಶತ್ರು ತೊಲೆಯಲ್ಲ. ತೆಳುಹಲಗೆ, ಪರದೆ, ಗಾಳಿ ನುಗ್ಗುವ ಪೊಳ್ಳು ಸಂದುಗಳು.

ನಮ್ಮ ಹಿರಿಯರು ಕಟ್ಟಿದ ಮದ್ರಾಸ್ ತಾರಸಿಯನ್ನು ಇಲ್ಲಿ ನೆನೆಯಬೇಕು. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆಜಲ್ಲಿಯ ಗಚ್ಚು ಹಾಕುತ್ತಿದ್ದರು. ಗಚ್ಚು ಉರಿಯನ್ನು ಮೇಲಂತಸ್ತಿಗೆ ಏರಗೊಡದು. ತೊಲೆಗೂ ಮೂರು ಮಗ್ಗುಲಿನಿಂದ ಮಾತ್ರ ಬೆಂಕಿ ತಗಲುವುದು. ಈಗಿನ ಮರ-ಕಾಂಕ್ರೀಟು ಜೋಡಿ ಅಂತಸ್ತಿನಲ್ಲಿ ಎರಡನ್ನೂ ತಿರುಪುಮೊಳೆಗಳಿಂದ ಬಿಗಿದು, ಭಾರವನ್ನು ಒಟ್ಟಿಗೆ ಹೊರಿಸುತ್ತಾರೆ. ಅಲ್ಲಿ ನಾವು ಗಮನಿಸಬೇಕಾದುದು ಮೊಳೆಯ ಸುತ್ತಣ ಮರವನ್ನು: ಅದು ಇದ್ದಿಲಾದರೆ ಹಿಡಿತ ಸಡಿಲಿ, ಜೋಡಿ ಬಿಚ್ಚಿಕೊಳ್ಳುವುದು.

ರಾಜೀವನಗರದಂತಹ ಹೊಸ ಬಡಾವಣೆಗಳಲ್ಲಿ ಕಾಂಕ್ರೀಟೇ ಸರ್ವಸ್ವ. ಹಳೆಯ ತಾರಸಿಗಳನ್ನು ಬೆಂಕಿಯ ಹೆಸರಿನಲ್ಲಿ ಕೆಡವುವ ಮುನ್ನ ಅವುಗಳ ತೊಲೆಯ ದಪ್ಪವನ್ನೂ ಗಚ್ಚಿನ ಸ್ಥಿತಿಯನ್ನೂ ಅಳೆಯಿಸಬೇಕೆಂದು ನಮ್ಮ ಅಭಿಪ್ರಾಯ.