ಮನ್ರೋಲಪ್ಪ: ಆದವಾನಿ ಸೀಮೆಯಲ್ಲಿ ಒಂದು ಸ್ಕಾಟಿಷ್ ಕುಲನಾಮ

ಆದವಾನಿ ಸೀಮೆಯ ಹಳ್ಳಿಗಳಲ್ಲಿ ಕನ್ನಡದ ನೆಲೆಯನ್ನು ಅರಸುವವರು ಸಾಮಾನ್ಯವಾಗಿ ಹೆಸರುಗಳಿಂದಲೇ ಆರಂಭಿಸುತ್ತಾರೆ. ಪೆದ್ದಕಡುಬೂರು ಎಂಬ ಊರ ಹೆಸರಿನಲ್ಲಿ ತೆಲುಗಿನ 'ಪೆದ್ದ' ಮೊದಲಿಗೆ ನಿಂತಿದೆ. ಕೊನೆಯ 'ಊರು' ಎರಡೂ ಭಾಷೆಗಳ ಸೊತ್ತು. ಹಾಲಹರ್ವಿ, ಹೊಳಗುಂದ ಮೊದಲಾದ ಹೆಸರುಗಳಲ್ಲಿರುವ ಹಕಾರ, ಅವು ಕನ್ನಡದ ಬಾಯಲ್ಲಿ ಬೆಳೆದವೆಂದು ಸೂಚಿಸುತ್ತದೆ. ಊರಿನಿಂದ ಮನೆಗೆ ಬಂದರೆ, ಕನ್ನಡದಲ್ಲಿ ಮನೆತನದ ಹೆಸರು, ತೆಲುಗಿನಲ್ಲಿ ಇಂಟಿಪೇರು. ಈ ಹೆಸರುಗಳ ಆಧಾರದಿಂದ ಒಂದು ಕುಟುಂಬವನ್ನು 'ಮೂಲ ಕನ್ನಡದವರು' ಎಂದೂ ಇನ್ನೊಂದನ್ನು 'ತೆಲುಗು ಮೂಲದವರು' ಎಂದೂ ವಿಂಗಡಿಸುವ ಆಸೆ ಸಂಶೋಧಕರಿಗೂ ಇದೆ, ಊರಿನವರಿಗೂ ಇದೆ. ಭಾಷಾ ಅಲ್ಪಸಂಖ್ಯಾತರು ಯಾರು ಎಂಬ ಪ್ರಶ್ನೆ ಬಂದಾಗಲೆಲ್ಲ ಈ ವಿಂಗಡಣೆ ತಲೆಯೆತ್ತುತ್ತದೆ. ಹೆಸರು ವಂಶದ ಸಾಕ್ಷಿಯಾಗಬಲ್ಲುದೆ? ಈ ಪ್ರಶ್ನೆಯನ್ನು ಪರಿಶೀಲಿಸಲು ಇದೇ ಸೀಮೆಗೆ ಬಹುದೂರದಿಂದ ಬಂದ ಒಂದು ಹೆಸರನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ. ಅದು ಬಂದ ದಾರಿ ದಾಖಲೆಗಳಲ್ಲಿ ಉಳಿದಿರುವುದೇ ಈ ಆಯ್ಕೆಗೆ ಕಾರಣ.

1800ರಲ್ಲಿ ಹೈದರಾಬಾದಿನ ನಿಜಾಮನು ತುಂಗಭದ್ರೆಯ ದಕ್ಷಿಣದ ವಿಶಾಲ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದನು. ಆದವಾನಿಯೂ ಅದರಲ್ಲಿ ಸೇರಿತ್ತು. 'ದತ್ತಮಂಡಲ' ಎಂದು ಹೆಸರಾದ ಈ ಪ್ರದೇಶದ ಮುಖ್ಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. 1761ರಲ್ಲಿ ಗ್ಲಾಸ್ಗೋ ನಗರದ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದ ಈತನು ಬಾರಾಮಹಲಿನಲ್ಲಿಯೂ ಕೆನರಾ ಜಿಲ್ಲೆಯಲ್ಲಿಯೂ ಕಂದಾಯದ ಕೆಲಸ ಮಾಡಿ ಅನುಭವ ಪಡೆದಿದ್ದನು. 1807ರವರೆಗೆ ಆತನು ಇಲ್ಲಿದ್ದನು. ಮುಂದೆ 1820ರಲ್ಲಿ ಮದರಾಸಿನ ಗವರ್ನರನಾಗಿ, 1827ರ ಜುಲೈ 6ರಂದು ಇದೇ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು. ಆತನ ನಂತರ ದತ್ತಮಂಡಲದ ರೈತರು ತಮ್ಮ ಗಂಡುಮಕ್ಕಳಿಗೆ 'ಮನ್ರೋಲಪ್ಪ' ಎಂದು ಹೆಸರಿಡುವ ರೂಢಿ ಬೆಳೆಯಿತು. ಸ್ಕಾಟ್ಲೆಂಡಿನ ಒಂದು ಕುಲನಾಮವು ತೆಲುಗು-ಕನ್ನಡ ಸೀಮೆಯ ತೊಟ್ಟಿಲಿಗೆ ಬಂದ ಸಂದರ್ಭವಿದು.

ಆ ಕುಲನಾಮದ ಅರ್ಥವೇನು? ಸ್ಕಾಟ್ಲೆಂಡಿನ ಉತ್ತರದಲ್ಲಿ, ಕ್ರೋಮಾರ್ಟಿ ಕೊಲ್ಲಿಯ ಉತ್ತರ ದಂಡೆಯಲ್ಲಿರುವ ಫೌಲಿಸ್ ಎಂಬ ಕೋಟೆಮನೆ ಮನ್ರೋ ಕುಲದ ನಾಯಕರ ಸ್ಥಾನ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಈ ಕುಲದವನನ್ನು 'ರೋ ಕಡೆಯವನು' ಎಂಬರ್ಥದ ಪದದಿಂದ ಕರೆಯುತ್ತಾರೆ. ರೋ ಎಂಬುದು ಐರ್ಲೆಂಡಿನ ಉತ್ತರ ಭಾಗದ ಒಂದು ನದಿ. ಕುಲದ ಮೂಲಪುರುಷನಾದ ಡೊನಾಲ್ಡನು ಆ ನದಿಯ ಸೀಮೆಯಿಂದ ಕಡಲು ದಾಟಿ ಬಂದನೆಂದೂ ಸ್ಕಾಟ್ಲೆಂಡಿನ ಅರಸನಿಗೆ ಯುದ್ಧದಲ್ಲಿ ನೆರವಾಗಿ ಭೂಮಿ ಪಡೆದನೆಂದೂ ಸಂಪ್ರದಾಯ ಹೇಳುತ್ತದೆ. 'ಬುನ್' ಎಂದರೆ ಬುಡ, ನದಿಯ ಕೊನೆ. 'ಬುನ್-ರೋ' ಎಂಬುದರ ಬಕಾರ ಮಕಾರವಾಗಿ 'ಮನ್ರೋ' ಆಯಿತೆಂಬುದು ಪ್ರಚಲಿತ ನಿರುಕ್ತಿ. ಗೇಲಿಕ್ 'ಬುನ್' ಮತ್ತು ಕನ್ನಡದ 'ಬುಡ' ಅರ್ಥದಲ್ಲಿಯೂ ಧ್ವನಿಯಲ್ಲಿಯೂ ಹತ್ತಿರವೆನಿಸಿದರೂ ಅವುಗಳ ನಡುವೆ ಯಾವ ನೆಂಟಸ್ತಿಕೆಯೂ ಇಲ್ಲ. ಹೋಲಿಕೆಯನ್ನು ಬಂಧುತ್ವವೆಂದು ಭಾವಿಸಬಾರದೆಂಬ ಎಚ್ಚರ ನಾಮಾಧ್ಯಯನದ ಮೊದಲ ಪಾಠ.

ಹೀಗೆ ನೋಡಿದರೆ ಮನ್ರೋ ಎಂಬುದು ಮೂಲತಃ ಊರ ಹೆಸರಿನ ಜಾತಿಗೆ ಸೇರಿದ್ದು. ಈ ಸೀಮೆಯ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿಯೂ ಸ್ಕಾಟ್ಲೆಂಡಿನವನೇ. ಆತನ ಕುಲನಾಮ 'ಕೆನ್ನೆತನ ಮಗ' ಎಂಬ ಅರ್ಥದ್ದು. ಒಂದು ನೆಲವನ್ನು ಹೇಳುತ್ತದೆ, ಇನ್ನೊಂದು ತಂದೆಯನ್ನು ಹೇಳುತ್ತದೆ. ನಮ್ಮ ಹೆಸರುಗಳ ಮುಂದಿನ ಇನಿಶಿಯಲ್‌ಗಳಲ್ಲಿ ಊರು ಮತ್ತು ತಂದೆ ಜೊತೆಯಾಗಿ ನಿಲ್ಲುವುದನ್ನು ಕಂಡವರಿಗೆ ಇದು ಅಪರಿಚಿತ ಪದ್ಧತಿಯಲ್ಲ.

ಸ್ಕಾಟ್ಲೆಂಡಿನ ಕುಲನಾಮ ತಂದೆಯಿಂದ ಮಗನಿಗೆ ಸಾಗುತ್ತದೆ. ಪುರುಷರಲ್ಲಿರುವ ವೈ ವರ್ಣತಂತುವೂ ಹಾಗೆಯೇ ತಂದೆಯಿಂದ ಮಗನಿಗೆ, ಬಹುಮಟ್ಟಿಗೆ ಬದಲಾಗದೆ ಸಾಗುತ್ತದೆ. ಹಾಗಾದರೆ ಒಂದೇ ಕುಲನಾಮದವರ ವೈ ವರ್ಣತಂತು ಒಂದೇ ಇರಬೇಕಲ್ಲವೆ? ಈ ಪ್ರಶ್ನೆಯನ್ನು ವಿಜ್ಞಾನದ ಒರೆಗೆ ಹಚ್ಚಿದವರಲ್ಲಿ ಮೊದಲಿಗರು ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್. ತಮ್ಮದೇ ಕುಲನಾಮವುಳ್ಳ ಪುರುಷರನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರಲ್ಲಿ ಅರ್ಧಕ್ಕೆ ತುಸು ಕಡಿಮೆ ಜನ ಒಂದೇ ಪಿತೃರೇಖೆಯವರೆಂದು ಕಂಡುಬಂದಿತು. ಉಳಿದವರು ಹೆಸರಿನಿಂದ ಮಾತ್ರ ಒಂದೇ ಮನೆಯವರು. ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಅವರ ಸಂಶೋಧನೆಗಳು ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿದವು: ಅಪರೂಪದ ಕುಲನಾಮಗಳಲ್ಲಿ ಸಮಾನ ಪೂರ್ವಜನಿರುವ ಸಂಭವ ಹೆಚ್ಚು, ಬಹುಸಂಖ್ಯೆಯ ಜನರಿಗಿರುವ ಕುಲನಾಮಗಳಲ್ಲಿ ಅದು ಬಹಳ ಕಡಿಮೆ.

ಉತ್ತರ ಸ್ಕಾಟ್ಲೆಂಡಿನ ಕುಲಗಳ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ಸತ್ಯ. ಅಲ್ಲಿ ನಾಯಕನ ಭೂಮಿಯನ್ನು ಉಳುವವರು, ಅವನ ರಕ್ಷಣೆಯಲ್ಲಿ ಬದುಕುವವರು ಅವನ ಕುಲನಾಮವನ್ನೇ ಧರಿಸುತ್ತಿದ್ದರು. ದತ್ತುಮಕ್ಕಳಿಗೂ ವಿವಾಹದ ಹೊರಗೆ ಹುಟ್ಟಿದವರಿಗೂ ಅದೇ ಹೆಸರು ಸಿಕ್ಕಿತು. ಆದ್ದರಿಂದ ಮನ್ರೋ ಹೆಸರಿನ ಪುರುಷರಲ್ಲಿ ಒಂದಲ್ಲ, ಹಲವು ಪಿತೃರೇಖೆಗಳು ಕಾಣುವುದು ಆಶ್ಚರ್ಯವಲ್ಲ. ಆ ಹೆಸರು ರಕ್ತಸಂಬಂಧವನ್ನಷ್ಟೇ ಹೇಳುತ್ತಿರಲಿಲ್ಲ. ಯಾರ ನೆಲದಲ್ಲಿ, ಯಾರ ಆಶ್ರಯದಲ್ಲಿ ಒಬ್ಬನು ಬದುಕಿದನು ಎಂಬುದನ್ನೂ ಹೇಳುತ್ತಿತ್ತು.

ಮನ್ರೋಲಪ್ಪ ಎಂಬ ಹೆಸರು ಈ ತತ್ತ್ವದ ತುತ್ತತುದಿ. ಇಲ್ಲಿ ರಕ್ತಸಂಬಂಧ ಲವಲೇಶವೂ ಇಲ್ಲ. ರೂಪದಲ್ಲಿಯೂ ಅದು ಪೂರ್ತಿಯಾಗಿ ಈ ನೆಲದ್ದು. ಕೊನೆಯ 'ಅಪ್ಪ' ಕನ್ನಡ, ತೆಲುಗು ಎರಡಕ್ಕೂ ಸಹಜವಾದ ಗೌರವವಾಚಿ. ನಡುವಿನ ಲಕಾರವು, 'ಆಚಾರ್ಯುಲು' ಎಂಬಲ್ಲಿ ಕಾಣುವ ತೆಲುಗಿನ ಗೌರವ ಬಹುವಚನದ ಉಳಿಕೆಯಿರಬಹುದೆಂದು ನನ್ನ ಊಹೆ. ಕಡಲಾಚೆಯ ಕುಲನಾಮವೊಂದು ಇಲ್ಲಿ ವ್ಯಕ್ತಿನಾಮವಾಯಿತು. ನದಿಯ ಹೆಸರು ಹೊಲದ ಹೆಸರಾಯಿತು ಎಂದರೂ ಸಲ್ಲುತ್ತದೆ. ಸ್ಕಾಟ್ಲೆಂಡಿನಲ್ಲಿಯೇ ಈ ಪದ ಇನ್ನೊಂದು ಬಗೆಯಲ್ಲಿ ಕುಲವನ್ನು ಮೀರಿತು: ಹ್ಯೂ ಮನ್ರೋ ಎಂಬಾತನು 1891ರಲ್ಲಿ ಮೂರು ಸಾವಿರ ಅಡಿ ಮೀರಿದ ಬೆಟ್ಟಗಳ ಪಟ್ಟಿಯನ್ನು ಪ್ರಕಟಿಸಿದ ಮೇಲೆ ಅಂಥ ಶಿಖರಗಳಿಗೇ 'ಮನ್ರೋ' ಎಂಬ ಹೆಸರು ನಿಂತಿತು.

ಇಷ್ಟನ್ನು ಹೇಳಿದ ಮಾತ್ರಕ್ಕೆ ಆ ಆಡಳಿತಗಾರನನ್ನು ದೇವತೆಯಾಗಿಸಬೇಕಾಗಿಲ್ಲ. ನೆರೆಯ ಮಂತ್ರಾಲಯದಲ್ಲಿ, ಮಠದ ಭೂಮಿಯ ವಿಚಾರಣೆಗೆ ಬಂದ ಮನ್ರೋಗೆ ಬೃಂದಾವನಸ್ಥರಾದ ರಾಘವೇಂದ್ರ ಸ್ವಾಮಿಗಳು ದರ್ಶನವಿತ್ತು ಮಾತನಾಡಿದರೆಂಬ ಐತಿಹ್ಯ ಇಂದಿಗೂ ಜೀವಂತವಾಗಿದೆ. ಸೀಮೆಯ ಜನ ಆತನನ್ನು 'ಮಾಂಡವ ಋಷಿ' ಎಂದೂ ಕರೆದರು. ಆದರೆ ಆತನು ಪಾಳೆಯಗಾರರನ್ನು ಬಲಪ್ರಯೋಗದಿಂದ ಮಣಿಸಿದವನು. ಆತನು ಗೊತ್ತುಪಡಿಸಿದ ಕಂದಾಯವೂ ಹಗುರವಾಗಿರಲಿಲ್ಲ. ಹೊರೆ ಹೆಚ್ಚಾಯಿತೆಂಬುದನ್ನು ಸ್ವತಃ ಅರಿತು, 1807ರಲ್ಲಿ ಶೇಕಡ 25ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದನು. ಸರ್ಕಾರ ಆಗ ಅದನ್ನು ಒಪ್ಪದೆ, ಗ್ರಾಮಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿಯನ್ನು ತಂದಿತು. ಗುತ್ತಿಗೆಯ ಕಾಲವನ್ನು ಕಂಡ ರೈತರಿಗೆ ಹಿಂದಿನ ಕಲೆಕ್ಟರನ ನೆನಪು ಇನ್ನಷ್ಟು ಮಧುರವಾಗಿ ಕಂಡಿರಬೇಕು. ಹೆಸರುಗಳಲ್ಲಿ ಉಳಿಯುವ ಕೃತಜ್ಞತೆ ಅನೇಕ ವೇಳೆ ಹೋಲಿಕೆಯಿಂದ ಹುಟ್ಟಿದ್ದು.

ಈ ಕಥೆಯಲ್ಲಿ ಹೆಸರುಗಳ ಇತಿಹಾಸಕ್ಕೆ ಮಹತ್ವದ ಇನ್ನೊಂದು ಸಂಗತಿಯಿದೆ. ಮನ್ರೋ ನೆಲೆಗೊಳಿಸಿದ ರೈತವಾರಿ ಪದ್ಧತಿಯಲ್ಲಿ ಸರ್ಕಾರ ನೇರವಾಗಿ ಒಬ್ಬೊಬ್ಬ ರೈತನೊಡನೆ ವ್ಯವಹರಿಸಬೇಕಾಯಿತು. ಹೊಲವನ್ನು ಅಳೆದು, ಅದರ ಮುಂದೆ ಉಳುವವನ ಹೆಸರನ್ನು ಬರೆದು ಪಟ್ಟಾ ಕೊಡಬೇಕಾಯಿತು. ಊರಿನ ಕರಣಂ ಅಥವಾ ಶಾನುಭೋಗನ ಲೇಖಣಿಯಲ್ಲಿ ಸಾಮಾನ್ಯ ರೈತನ ಹೆಸರು ಕಂಪನಿಯ ದಾಖಲೆಯಾಯಿತು. ಮಾತಿನಲ್ಲಿ ಎರಡು ಭಾಷೆಗಳ ನಡುವೆ ಹಗುರಾಗಿ ಓಡಾಡುತ್ತಿದ್ದ ಹೆಸರು ಕಾಗದದ ಮೇಲೆ ಯಾವುದಾದರೂ ಒಂದು ರೂಪದಲ್ಲಿ ನಿಲ್ಲಬೇಕಾಯಿತು. ಬರೆದವನ ಭಾಷೆ ಬೇರೆ, ಹೇಳಿದವನ ಭಾಷೆ ಬೇರೆ ಆಗಿರಬಹುದು. ಇಂದು ನಾವು ದಾಖಲೆಗಳಲ್ಲಿ ಓದುವ ಮನೆತನದ ಹೆಸರುಗಳನ್ನು ಈ ಅರಿವಿನೊಡನೆ ಓದಬೇಕು.

ಮನೆತನದ ಹೆಸರು ಭಾಷೆಯ ಗೆರೆಯನ್ನು ದಾಟಿದ್ದಕ್ಕೆ ಹಳೆಯ ಬಳ್ಳಾರಿ ಜಿಲ್ಲೆಯ ಸಾಹಿತ್ಯವೇ ಸಾಕ್ಷಿ. ಕನ್ನಡದ ಹಾಸ್ಯ ಸಾಹಿತಿ ಬೀಚಿ ಅವರ ಪೂರ್ಣ ಹೆಸರು ರಾಯಸಂ ಭೀಮಸೇನರಾವ್. 'ರಾಯಸ' ಎಂದರೆ ಅರಮನೆಯ ಬರವಣಿಗೆಯ ಕೆಲಸ. ಕೊನೆಯ ಅನುಸ್ವಾರ ತೆಲುಗಿನ ರೀತಿಯದು. ಆ ಅನುಸ್ವಾರವನ್ನು ಹಿಡಿದು ಬೀಚಿಯವರ ಕನ್ನಡವನ್ನು ಅಳೆಯಲಾದೀತೆ? ಮನೆಯಳಿಯನನ್ನು ತರುವ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಗಂಡುಸಂತಾನವಿಲ್ಲದ ಮನೆಗೆ ಅಳಿಯ ಬಂದು ಹೊಲವನ್ನೂ ಮನೆಯನ್ನೂ ನಡೆಸುವ ಈ 'ಇಲ್ಲಟಂ' ರೂಢಿ ಮದರಾಸು ಪ್ರಾಂತದ ರೆಡ್ಡಿ ಮೊದಲಾದ ಸಮುದಾಯಗಳಲ್ಲಿತ್ತು. ನ್ಯಾಯಾಲಯಗಳೂ ಅದನ್ನು ಮಾನ್ಯ ಮಾಡಿದ್ದವು. ಅಂಥ ಮನೆಯಲ್ಲಿ ಮನೆತನ ಮುಂದುವರಿಯುತ್ತದೆ, ವೈ ವರ್ಣತಂತು ಮಾತ್ರ ಬೇರೆ ಮನೆಯದಾಗುತ್ತದೆ. ಫೌಲಿಸ್ ಕೋಟೆಯ ಒಕ್ಕಲಿಗೂ ಆದವಾನಿಯ ಮನೆಯಳಿಯನಿಗೂ ಇರುವ ಸಾಮ್ಯ ಇಷ್ಟೇ: ಇಬ್ಬರ ವಿಷಯದಲ್ಲಿಯೂ ಮನೆ ಎಂಬುದು ರಕ್ತಕ್ಕಿಂತ ದೊಡ್ಡದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿಯೂ ಇತರ ತಾಲೂಕುಗಳೂ ಮೈಸೂರಿಗೆ ಸೇರಿದವು. ಒಂದೇ ಮನೆತನದ ಹೆಸರಿನವರು ಎರಡು ರಾಜ್ಯಗಳವರಾದರು. ಅಂದಿನಿಂದ ಈ ಕಡೆಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಸಂವಿಧಾನದ 29ನೆಯ ವಿಧಿ ತನ್ನದೇ ಆದ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಜನವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕು ನೀಡಿದೆ. 350ಎ ವಿಧಿ ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಈ ಎರಡೂ ವಿಧಿಗಳು ಕೇಳುವುದು ಭಾಷೆಯನ್ನು. ವಂಶವನ್ನಲ್ಲ, ಮನೆತನದ ಹೆಸರನ್ನಲ್ಲ.

ಆದ್ದರಿಂದ ನಮ್ಮ ಅಧ್ಯಯನಗಳು ಹೆಸರುಗಳನ್ನು ಸಂಗ್ರಹಿಸುವುದನ್ನು ಬಿಡಬೇಕಾಗಿಲ್ಲ, ಅವುಗಳಿಂದ ತೀರ್ಪು ಕೊಡುವುದನ್ನು ಬಿಡಬೇಕು. ಒಂದು ಮನೆ ಯಾವ ಊರಿನಿಂದ ಹೊರಟಿತು, ಯಾವ ವೃತ್ತಿ ಹಿಡಿಯಿತು, ಯಾರನ್ನು ನೆನೆಯಿತು, ಯಾವ ಕರಣಂ ಅದನ್ನು ಬರೆದನು ಎಂಬುದನ್ನು ಹೆಸರು ಹೇಳಬಲ್ಲುದು. ಆ ಮನೆಯ ಮಗು ಯಾವ ಭಾಷೆಯಲ್ಲಿ ಅಕ್ಷರ ಕಲಿಯಬೇಕೆಂಬುದನ್ನು ಅದು ಹೇಳಲಾರದು. ಮನ್ರೋಲಪ್ಪನೆಂದು ಹೆಸರಿಟ್ಟುಕೊಂಡವನನ್ನು ಯಾರೂ ಸ್ಕಾಟ್ಲೆಂಡಿನವನೆಂದು ತಿಳಿಯಲಿಲ್ಲ. ತೆಲುಗಿನ ಇಂಟಿಪೇರು ಹೊತ್ತು ಮನೆಯಲ್ಲಿ ಕನ್ನಡ ಆಡುವ ಮಗುವಿಗೂ ಅಷ್ಟೇ ನ್ಯಾಯ ಸಲ್ಲಬೇಕು.